ಮಾಯಮ್ಮ ಹೊತ್ತ ಹರಕೆ

ನಮ್ಮ ಕಡೆ ಈಗಲೂ ಆ ಕಥೆ ಓಡಾಡುತ್ತಿದೆ. ಪಾಂಡವಪುರದಲ್ಲಿ ಟೈಪಿಂಗ್ ಟೀಚರಮ್ಮನ ಮನೆಯಲ್ಲಿದ್ದ ಹುಟ್ಟು ಮೂಗಿಗೆ ದೇವರು ಮಾತು ಕೊಟ್ಟನಂತೆ, ಕಣ್ಣಾರೆ ಕಂಡವರಿದ್ದಾರಂತೆ. ಆ ಟೀಚರಮ್ಮ ನಾನೇ, ವರಲಕ್ಷ್ಮಮ್ಮ. ಕಥೆ ಹೇಳುವವರ ಮುಂದೆ ನಾನು ತುಟಿ ಬಿಚ್ಚುವುದಿಲ್ಲ, ಎದ್ದು ಒಳಗೆ ಹೋಗುತ್ತೇನೆ. ಹೋಗಿ ಒಲೆಯ ಮುಂದೆ ಕೂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈಯುತ್ತೇನೆ. ಬೈದೂ ಬೈದೂ ಸಾಕಾಗಿದೆ, ಇವತ್ತು ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಹುಡುಗಿ ಮೂಗಿಯಲ್ಲ. ಹೆಸರು ತವಮಣಿ, ಶ್ರೀಲಂಕಾದ ಜಾಫ್ನಾದವಳು. ಯುದ್ಧಕ್ಕೆ ಹೆದರಿ ತಾಯಿಯ ಜೊತೆ ದೋಣಿ ಹತ್ತಿ ಬಂದು, ಸತ್ಯಮಂಗಲದ ಆಚೆ ನಿರಾಶ್ರಿತರ ಕ್ಯಾಂಪಿನಲ್ಲಿ ಇದ್ದವಳು. ತಗಡಿನ ಸೂರಿನ ಕೆಳಗೆ ಕೂತು ಓದಿ ಹನ್ನೆರಡನೇ ತರಗತಿಯಲ್ಲಿ ಇಡೀ ಕ್ಯಾಂಪಿಗೇ ಮೊದಲು ಬಂದಿದ್ದಳು. ಆದರೆ ಆ ವರ್ಷ ಮೇ ತಿಂಗಳಲ್ಲಿ ಮಾಜಿ ಪ್ರಧಾನಿಯ ಆ ದೊಡ್ಡ ಕೊಲೆ ಆಯಿತಲ್ಲ, ಅದಾದ ಮೇಲೆ ಅಲ್ಲಿ ಕ್ಯಾಂಪಿನ ಮಕ್ಕಳಿಗೆ ಕಾಲೇಜಿನ ಬಾಗಿಲು ಹಾಕಿಬಿಟ್ಟರು. ಬಾಂಬು ಕಟ್ಟಿಕೊಂಡವರು ಯಾರೋ, ಸೀಟು ಹೋದದ್ದು ಇವಳದ್ದು. ಪಾಂಡವಪುರದ ಸ್ಟೇಷನ್ ಹತ್ತಿರ ಇವರ ದೂರದ ನೆಂಟರೊಬ್ಬರು ಗಾರೆ ಕೆಲಸ ಮಾಡಿಕೊಂಡಿದ್ದರು. ಕನ್ನಡದವರ ರಾಜ್ಯದಲ್ಲಾದರೂ ಓದಿ ಒಂದು ಕೆಲಸ ಹಿಡಿ, ಆಮೇಲೆ ನನ್ನನ್ನೂ ಇಲ್ಲಿಂದ ಬಿಡಿಸು ಎಂದು ತಾಯಿ ಮಗಳನ್ನು ಒಬ್ಬಳನ್ನೇ ಬಸ್ಸು ಹತ್ತಿಸಿದಳು. ಹತ್ತಿಸಿದ್ದು ಯಾವಾಗ? ಕಾವೇರಿ ಗಲಾಟೆಯ ಡಿಸೆಂಬರಿನಲ್ಲಿ. ಅವಳಿಗೇನು ಗೊತ್ತು, ಕ್ಯಾಂಪಿನ ಒಳಗೆ ನಮ್ಮ ಕಡೆಯ ಪೇಪರು ಬರುತ್ತದೆಯೇ?

ನಾನು ಮಿಷನ್ನಿಗೆ ರಿಬ್ಬನ್ನು ತರಲು ಮೈಸೂರಿಗೆ ಹೋಗಿದ್ದೆ. ವಾಪಸು ಬರುವಾಗ ಬಸ್‌ ಸ್ಟ್ಯಾಂಡಿನಲ್ಲಿ ಒಂದು ಹುಡುಗಿ ನನ್ನ ಹತ್ತಿರ ಬಂದು ಪಿಸುಮಾತಿನಲ್ಲಿ ‘ಪಾಂಡವಪುರಂ?’ ಎಂದಿತು. ಆ ಒಂದು ಮಾತಿನಲ್ಲೇ ತಮಿಳಿನವಳು ಎಂದು ತಿಳಿಯಿತು. ಬಾ ಎಂದು ಪಕ್ಕದಲ್ಲಿ ಕೂರಿಸಿಕೊಂಡೆ. ಬಸ್ಸು ಶ್ರೀರಂಗಪಟ್ಟಣದ ಹತ್ತಿರ ಬರುತ್ತಿದ್ದಂತೆ ಒಂದಷ್ಟು ಹುಡುಗರು ಅಡ್ಡ ನಿಂತು ನಿಲ್ಲಿಸಿದರು. ಕೈಯಲ್ಲಿ ಕಬ್ಬಿನ ಜಲ್ಲೆ, ದೊಣ್ಣೆ. ಸೀಟು ಸೀಟಿಗೂ ಬಂದು ಒಬ್ಬೊಬ್ಬರನ್ನೂ ಮಾತಾಡಿಸಿ ನೋಡುತ್ತಿದ್ದರು. ಹಿಂದಿನ ಸೀಟಿನಿಂದ ಒಬ್ಬ ಮುದುಕನನ್ನು ಎಳೆದು ಕೆಳಗಿಳಿಸಿದ್ದನ್ನು ನಾವಿಬ್ಬರೂ ನೋಡಿದೆವು. ಹುಡುಗಿಯ ಕೈ ನನ್ನ ಸೆರಗನ್ನು ಹಿಡಿದುಕೊಂಡಿತ್ತು.

ಒಬ್ಬ ಬಗ್ಗಿ ಅವಳನ್ನು ಯಾವೂರು ಎಂದು ಕೇಳಿದ. ಅವಳು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ.

“ನನ್ನ ತಂಗಿ ಮಗಳು ಕಣ್ರಪ್ಪಾ. ಹುಟ್ಟು ಮೂಗಿ. ಅದರ ಕೈಲಿ ಏನು ಮಾತಾಡಿಸ್ತೀರಿ ನೀವು?”

ದೊಣ್ಣೆ ಹಿಡಿದವನ ಮುಖ ಒಂದೇ ಕ್ಷಣದಲ್ಲಿ ಮೆತ್ತಗಾಯಿತು. ಅಯ್ಯೋ ಪಾಪ ಎಂದು ಲೊಚಗುಟ್ಟಿ, ಕುತ್ಕಳಮ್ಮೀ ಎಂದು ಅವಳ ತಲೆ ಸವರಿ ಮುಂದೆ ಹೋದ. ಅದೇ ಕೈಯಲ್ಲಿ ಅಲ್ಲವೇ ಆ ಮುದುಕನನ್ನು ಎಳೆದದ್ದು, ನನಗೆ ಮೈಯೆಲ್ಲ ಉರಿಯಿತು. ನಾನು ಸುಳ್ಳು ಹೇಳಿದ್ದಕ್ಕೆ ಇವತ್ತಿಗೂ ಒಂದು ಚೂರು ಬೇಜಾರಿಲ್ಲ. ನಾಳೆ ಬಸ್ಸು ನಿಲ್ಲಿಸಿ ಕೇಳಿದರೂ ಅದನ್ನೇ ಹೇಳುತ್ತೇನೆ.

ಆದರೆ ಅದೇ ಬಸ್ಸಿನಲ್ಲಿ ನಮ್ಮ ಬೀದಿಯ ಹೂವಿನ ಹೊನ್ನಪ್ಪನೂ ಇದ್ದ. ಸ್ಟೇಷನ್ ಹತ್ತಿರ ನೆಂಟರ ಮನೆ ಹುಡುಕಿದರೆ ಬೀಗ ಹಾಕಿತ್ತು, ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಹೋದವರು ಮತ್ತೆ ಬರಲೇ ಇಲ್ಲ. ಅಲ್ಲಿಂದ ಅವಳನ್ನು ಕರೆದುಕೊಂಡು ನಾನು ಮನೆ ಮುಟ್ಟುವಷ್ಟರಲ್ಲಿ, ಟೀಚರಮ್ಮನ ತಂಗಿ ಮಗಳು ಮೂಗಿಯಂತೆ ಎಂದು ಹೊನ್ನಪ್ಪ ಮೂರು ಬೀದಿಗೆ ಸುದ್ದಿ ಹಂಚಿ ಮುಗಿಸಿದ್ದ. ಅಕ್ಕಪಕ್ಕದ ಹೆಂಗಸರು ಆಗಲೇ ಜಗಲಿಯ ಮೇಲೆ ಬಂದು ಕೂತಿದ್ದರು. ಅಲ್ಲ ಎನ್ನುವ ಹಾಗಿರಲಿಲ್ಲ. ತಮಿಳು ಎಂದರೆ ಹುಡುಗರು ಬರುತ್ತಿದ್ದರು, ಶ್ರೀಲಂಕಾ ಎಂದರೆ ಪೊಲೀಸರು ಬರುತ್ತಿದ್ದರು. ಹೌದು, ಮೂಗಿ ಎಂದೆ. ಕೊಳ್ಳೇಗಾಲದ ಕಡೆ ನನ್ನ ತಂಗಿ ಇದ್ದದ್ದು ನಿಜ, ತೀರಿಕೊಂಡದ್ದೂ ನಿಜ. ಮಗಳು ಮಾತ್ರ ಹೊಸದಾಗಿ ಹುಟ್ಟಿದಳು.

ನಮ್ಮದು ಆಚಾರ್ರ ಮನೆ. ಯಜಮಾನರು ರಾಮಚಂದ್ರಾಚಾರ್ರು ಮುಂದಿನ ಕೋಣೆಯಲ್ಲಿ ಬೆಳ್ಳಿ ಬಂಗಾರದ ಕೆಲಸ ಮಾಡುತ್ತಿದ್ದರು. ಪಕ್ಕದ ಉದ್ದನೆ ಕೋಣೆಯಲ್ಲಿ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟು. ಐದು ಮಿಷನ್ನು, ನಾಲ್ಕು ಇಂಗ್ಲಿಷು, ಒಂದು ಕನ್ನಡ. ಅವರು ಬಡಿಯುವ ಸುತ್ತಿಗೆ, ನಾವು ಬಡಿಯುವ ಕೀಲಿ, ಆ ಮನೆಯಲ್ಲಿ ಮಾತಾಡದೆ ಇರುವವರನ್ನು ಯಾರೂ ಗಮನಿಸುವಂತಿರಲಿಲ್ಲ. ಗಲಾಟೆ ಮುಗಿಯಲಿ, ವಾಪಸು ಕಳಿಸೋಣ ಎಂದುಕೊಂಡಿದ್ದೆ. ಮುಗಿದ ಮೇಲೆ ಅವಳನ್ನೇ ಕೇಳಿದೆ. ಇಬ್ಬರಿಗೂ ಬರುತ್ತಿದ್ದದ್ದು ಹರುಕು ಇಂಗ್ಲಿಷು. ಅಲ್ಲಿ ಹೋದರೆ ಓದು ಇಲ್ಲ, ಕ್ಯಾಂಪಿನ ನಲ್ಲಿ ಮುಂದೆ ಕೊಡ ಇಟ್ಟುಕೊಂಡು ನಿಲ್ಲುವುದೇ ಕೆಲಸ, ಇಲ್ಲಿ ಮಿಷನ್ನಾದರೂ ಇದೆ ಎಂದಳು. ಸರಿ, ಇರು ಎಂದೆ.

ಹಗಲೆಲ್ಲ ಮೂಗಿ. ಸಂಜೆ ಬಾಗಿಲ ಅಗುಳಿ ಹಾಕಿದ ಮೇಲೆ ಅಡುಗೆಮನೆಯಲ್ಲಿ ಬಾಯಿ. ಕನ್ನಡ ಕಲಿಸು ಎಂದು ಪ್ರಾಣ ತಿಂದಳು. ಅವಳು ನಮ್ಮ ಅಕ್ಷರ ಕಲಿತದ್ದು ಸ್ಲೇಟಿನ ಮೇಲಲ್ಲ, ಕನ್ನಡ ಮಿಷನ್ನಿನ ಮೇಲೆ. ಬೆರಳಿಗೆ ಮೊದಲು ಬಂತು, ಕಣ್ಣಿಗೆ ಆಮೇಲೆ, ನಾಲಗೆಗೆ ಕೊನೆಗೆ. ಒಂದು ವರ್ಷ ತುಂಬುವಷ್ಟರಲ್ಲಿ ಕೀಲಿಗಳ ಮೇಲೆ ಟವೆಲು ಮುಚ್ಚಿದರೂ ಒಂದು ತಪ್ಪಿಲ್ಲದೆ ಪುಟ ಇಳಿಸುತ್ತಿದ್ದಳು. ಮಾತೂ ಹಾಗೇ. ಪಾಠಪುಸ್ತಕದ ಕನ್ನಡ ಬೇಡವಂತೆ, ಹಾಲಿನವರು ಆಡುವ ಕನ್ನಡವೇ ಬೇಕಂತೆ. ಬೀದಿಯಲ್ಲಿ ಕೇಳಿದ್ದನ್ನೆಲ್ಲ ರಾತ್ರಿ ಅಡುಗೆಮನೆಯಲ್ಲಿ ಆಡಿ ತೋರಿಸುತ್ತಿದ್ದಳು. “ಯಾಕ್ಲಾ ಬಂದ್ಬುಟ್ಟೆ?” ಎಂದು ನಮ್ಮ ಯಜಮಾನರನ್ನೇ ಒಂದು ದಿನ ಕೇಳಿಬಿಟ್ಟಳು. ನಗಲು ಗೊತ್ತಿಲ್ಲದ ಮನುಷ್ಯ ಸಾರಿನ ತಟ್ಟೆ ಕೆಳಗಿಟ್ಟು ನಕ್ಕರು.

ಇನ್ನು ಮಾಯಮ್ಮನ ವಿಷಯ. ಮಾಯಮ್ಮ ನಮಗೆ ಹಾಲು ಹಾಕುತ್ತಿದ್ದವಳು. ಗೌಡರ ಪೈಕಿ, ತವರು ಬೂಕನಕೆರೆ, ಹೆಣ್ಣು ಮಕ್ಕಳಿಲ್ಲ, ಎರಡು ಗಂಡು ಬೇರೆ ಮನೆ ಮಾಡಿಕೊಂಡಿದ್ದವು. ಬಾಯಿ ಜೋರು, ಕರುಳು ಅದಕ್ಕಿಂತ ಜೋರು. ಮೂಗಿಯನ್ನು ಕಂಡ ದಿನದಿಂದ ಅವಳಿಗೆ ಒಂದೇ ಚಿಂತೆ. ಅಳತೆಗೆ ಮೇಲೆ ಒಂದು ಲೋಟ ಹಾಲು ಮಗೀಗೆ ಎಂದು ಹುಯ್ಯುತ್ತಿದ್ದಳು. ಗಿಣ್ಣು ಮಾಡಿದರೆ ತರುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತ ತನ್ನ ಮನೆಯ ಕಷ್ಟಸುಖವನ್ನೆಲ್ಲ ಹೇಳಿಕೊಳ್ಳುತ್ತಿದ್ದಳು, ಮಾತು ಬಾರದವಳ ಹತ್ತಿರ ಹೇಳಿದರೆ ಎಲ್ಲಿಗೂ ಹೋಗುವುದಿಲ್ಲ ಎಂದು. ತವಮಣಿ ಅವಳ ಸೊಸೆಯಂದಿರ ಕಥೆಯನ್ನೆಲ್ಲ ರಾತ್ರಿ ನನಗೆ ಒಪ್ಪಿಸುತ್ತಿದ್ದಳು. ಆದರೆ ಹೇಳಿ ಮುಗಿಸಿದ ಮೇಲೆ, ಅಕ್ಕಾ ಆಯಮ್ಮಂಗೆ ಮೋಸ ಮಾಡ್ತಿದೀನಿ ಅನ್ನಿಸ್ತದೆ ಎನ್ನುತ್ತಿದ್ದಳು.

ಒಂದು ದಿನ ಮಾಯಮ್ಮ ಯಜಮಾನರ ಮುಂದೆ ಬಂದು ಕೂತು, ಒಂದು ಜೊತೆ ಹಳೇ ಕಾಲುಂಗುರ ಇಟ್ಟು, ಇದನ್ನು ಕರಗಿಸಿ ನಾಲಗೆ ಮಾಡಿಕೊಡಿ ಎಂದಳು. ನಮ್ಮ ಕಡೆ ಗೊತ್ತಲ್ಲ, ಕಣ್ಣು ಬಂದವರು ಬೆಳ್ಳಿ ಕಣ್ಣು ಒಪ್ಪಿಸುತ್ತಾರೆ, ಕಾಲು ನೆಟ್ಟಗಾದವರು ಬೆಳ್ಳಿ ಕಾಲು. ಮೂಗಿಗೆ ಮಾತು ಬಂದರೆ ಬೆಳ್ಳಿ ನಾಲಗೆ ಹಾಕುತ್ತೇನೆ ಎಂದು ತನ್ನ ತವರಿನ ಮನೆದೇವರಿಗೆ ಹರಕೆ ಹೊತ್ತಿದ್ದಳು. ಮೊದಲೇ ಮಾಡಿಸಿ, ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಇಟ್ಟರೆ ದೇವರಿಗೆ ಮರೆವು ಬರುವುದಿಲ್ಲ ಎಂದು ಅವಳ ಲೆಕ್ಕ. ಯಜಮಾನರು ನನ್ನ ಮುಖ ನೋಡಿದರು, ನಾನು ಸೂರು ನೋಡಿದೆ. ಬೇಡ ಎನ್ನಲು ಕಾರಣ ಏನೆಂದು ಹೇಳುವುದು? ಮಾಡಿಕೊಟ್ಟರು. ಆ ರಾತ್ರಿ ಅಳತೆಗೆ ಬೇಕು, ನಾಲಗೆ ಚಾಚು ಎಂದು ತವಮಣಿಗೆ ತಮಾಷೆ ಮಾಡಿದರು. ಅವಳು ಚಾಚಿ ನಕ್ಕಳು. ಆಮೇಲೆ ಹಿತ್ತಲಿಗೆ ಹೋಗಿ ತುಂಬ ಹೊತ್ತು ಒಳಗೆ ಬರಲಿಲ್ಲ.

ಆಗ ಬಂದವರು ತಿಮ್ಮರಾಜಣ್ಣ. ಸಂತೆಬಾಚಹಳ್ಳಿ ಕಡೆಯ ದೊಡ್ಡ ಕುಳ, ಗದ್ದೆ, ಅಕ್ಕಿ ಮಿಲ್ಲು ಎಲ್ಲ ಉಂಟು. ನಾಗಮಂಗಲದಲ್ಲಿ ಹೆಣ್ಣುಮಕ್ಕಳಿಗೆಂದು ಒಂದು ಕಾಲೇಜು ಶುರುಮಾಡುತ್ತಿದ್ದರು. ಅದರ ಜೊತೆಗೆ ಎರಡು ವರ್ಷದ ಕಚೇರಿ ಕೆಲಸದ ತರಬೇತಿ, ಹಾಸ್ಟೆಲ್ಲು ಸಮೇತ. ಮುಗಿಸಿದವರಿಗೆ ಸಂಸ್ಥೆಯಲ್ಲೇ ಕೆಲಸ, ಬೇಕಾದರೆ ಮುಂದಕ್ಕೆ ಓದುವ ಅವಕಾಶ. ಟೈಪಿಂಗ್ ಮಿಷನ್ನುಗಳನ್ನು ಯಾವ ಕಂಪನಿಯದು ಕೊಳ್ಳಬೇಕು ಎಂದು ನನ್ನನ್ನು ಕೇಳಲು ಬಂದವರು ತವಮಣಿ ಟೈಪು ಮಾಡುವುದನ್ನು ನೋಡಿದರು. ಬಾಗಿಲಲ್ಲಿ ನಿಂತವರು ಐದು ನಿಮಿಷ ಅಲ್ಲಾಡಲಿಲ್ಲ. ಮೂಗಿ ಎಂದು ಗೊತ್ತಾದ ಮೇಲಂತೂ ಕಣ್ಣಲ್ಲಿ ನೀರೇ ಬಂತು. ನಾನು ಅವರನ್ನು ಕೆಟ್ಟವರು ಎನ್ನುವುದಿಲ್ಲ. ಅಳುವುದು ಅವರಿಗೆ ಸುಲಭ, ಅಷ್ಟೇ.

ಅಂಗವಿಕಲ ಹೆಣ್ಣುಮಗಳಿಗೆ ಎಂದು ಒಂದು ಸೀಟು ಇದೆಯಂತೆ, ಫೀಸಿಲ್ಲ, ಅದು ಇವಳಿಗೇ ಎಂದುಬಿಟ್ಟರು. ಓದಿದ್ದಕ್ಕೆ ಕಾಗದಪತ್ರ ಏನೂ ಇಲ್ಲವಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಮೂಗಿ ಯಾವ ಸ್ಕೂಲಿಗೆ ಹೋಗಿರುತ್ತೆ ಟೀಚ್ರಮ್ನೋರೆ, ಡಾಕ್ಟರದ್ದೊಂದು ಚೀಟಿ ಇದ್ದರೆ ಸಾಕು, ಮಿಕ್ಕಿದ್ದು ನನಗೆ ಬಿಡಿ ಎಂದು ಹೊರಟರು. ಕ್ಯಾಂಪಿಗೇ ಮೊದಲು ಬಂದ ಹುಡುಗಿ, ಸ್ಕೂಲಿನ ಮುಖ ನೋಡದ ಮೂಗಿಯಾದರೆ ಮಾತ್ರ ಅವಳಿಗೆ ಬಾಗಿಲು ತೆರೆಯುವುದು. ಎಂಥಾ ನ್ಯಾಯ ಇದು ಎಂದು ನಾನು ಆ ರಾತ್ರಿ ಪಾತ್ರೆಗಳ ಮೇಲೆಲ್ಲ ಸಿಟ್ಟು ತೀರಿಸಿಕೊಂಡೆ.

ನನಗೆ ಇಷ್ಟವಿರಲಿಲ್ಲ. ಇಲ್ಲಿಯಾದರೆ ಸಂಜೆ ಅಗುಳಿ ಹಾಕಿದ ಮೇಲೆ ಬಾಯಿ ಬಿಡುತ್ತಾಳೆ. ಹಾಸ್ಟೆಲ್ಲಿನಲ್ಲಿ ಒಂದು ಕೋಣೆಗೆ ಆರು ಹುಡುಗಿಯರು. ನಿದ್ದೆಯಲ್ಲಿ ಕನವರಿಸುವ ಹಾಗೂ ಇಲ್ಲ, ಕಾಲಿಗೆ ಮುಳ್ಳು ಚುಚ್ಚಿದರೆ ಅಯ್ಯೋ ಎನ್ನುವ ಹಾಗಿಲ್ಲ. ಎರಡು ವರ್ಷ ಹಾಗಿದ್ದರೆ ಹುಚ್ಚು ಹಿಡಿಯುತ್ತದೆ ಎಂದು ಕೂಗಾಡಿದೆ. ಅವಳು ಸೊಪ್ಪು ಬಿಡಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

“ಅಕ್ಕಾ, ಎರಡು ವರ್ಷ ತಾನೆ. ನಮ್ಮಮ್ಮ ಆ ತಗಡಿನ ಕೆಳಗೆ ಎಷ್ಟು ವರ್ಷ ಇರಬೇಕು ಹೇಳಿ. ಓದಿಸೋದಾದ್ರೆ ಮೂಗಿಯಾಗಿರ್ತೀನಿ, ಕುರುಡಿಯಾಗು ಅಂದ್ರೆ ಅದೂ ಆಗ್ತೀನಿ.”

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತಿಮ್ಮರಾಜಣ್ಣ ಮೊದಲೇ ಹೇಳಿಕಳಿಸಿದ್ದರಿಂದ ಆ ಪುಣ್ಯಾತ್ಮ ಬಾಯಿ ತೆಗೆಸಿ ಒಂದು ಸಲ ಟಾರ್ಚು ಬಿಟ್ಟು ನೋಡಿ ಬರೆದುಕೊಟ್ಟ. ಅಲ್ಲಿಂದ ಅವಳು ಮನೆಯಲ್ಲೂ ಅಭ್ಯಾಸ ಶುರುಮಾಡಿದಳು. ಅಗುಳಿ ಹಾಕಿದ ಮೇಲೂ ಮಾತಿಲ್ಲ. ನಾನು ಬೇಕೆಂದೇ ಹಿಂದಿನಿಂದ ಹೋಗಿ ಬೆನ್ನಿಗೆ ತಣ್ಣೀರು ಎರಚಿದರೂ ಉಸಿರು ಎಳೆದುಕೊಳ್ಳುತ್ತಿದ್ದಳೇ ಹೊರತು ಸದ್ದಿಲ್ಲ. ಗೆದ್ದೆ ಎಂದು ಕಣ್ಣಲ್ಲೇ ನಗುತ್ತಿದ್ದಳು. ನನಗೆ ಮಾತ್ರ ಅವಳನ್ನು ತಬ್ಬಿಕೊಂಡು ಅಳಬೇಕೆನ್ನಿಸುತ್ತಿತ್ತು.

ಜೂನ್ ತಿಂಗಳು. ಕಾಲೇಜು ಶುರುವಾಗಲು ಇನ್ನೇನು ಒಂದು ವಾರ. ನಮ್ಮ ಹಿತ್ತಲಲ್ಲಿ ಒಂದು ಹಳೆಯ ಬಾವಿ ಇತ್ತು, ಒಂದು ಕಡೆ ಕಟ್ಟೆ ಕುಸಿದು ನೆಲದ ಮಟ್ಟಕ್ಕೆ ಬಂದಿತ್ತು. ಆ ಬೆಳಿಗ್ಗೆ ಮಾಯಮ್ಮನ ಕರು ಹಗ್ಗ ಕಿತ್ತುಕೊಂಡು ನಮ್ಮ ಹಿತ್ತಲಿಗೆ ನುಗ್ಗಿ ಸೌತೆ ಬಳ್ಳಿಗೆ ಬಾಯಿ ಹಾಕಿತು. ಹಾಲಿನ ಕ್ಯಾನು ಕೆಳಗಿಟ್ಟು ಮಾಯಮ್ಮ ಅದರ ಹಿಂದೆ ಓಡಿ ಬಂದಳು. ಹಗ್ಗ ಹಿಡಿದು ಹಿಂದಕ್ಕೆ ಜಗ್ಗುತ್ತ, ಬೈಯುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುವಷ್ಟರಲ್ಲಿ ಅವಳ ಹಿಮ್ಮಡಿಗೂ ಬಾವಿಗೂ ಒಂದು ಮೊಳ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಬಟ್ಟೆ ಒಗೆಯುತ್ತಿದ್ದ ತವಮಣಿ ಕೂಗಿದಳು.

“ಅವ್ವಾ, ನಿಂತ್ಕೊ! ಇಂದೆ ಬಾವಿ ಅದೆ!”

ಮಾಯಮ್ಮ ನಿಂತಳು. ಹಿಂದೆ ತಿರುಗಿ ಬಾವಿ ನೋಡಿದಳು, ಮುಂದೆ ತಿರುಗಿ ಹುಡುಗಿಯನ್ನು ನೋಡಿದಳು. ಕರುವಿನ ಹಗ್ಗ ಕೈಯಿಂದ ಜಾರಿತು. ಹಾಗೇ ಕುಸಿದು ಕೂತು ಎರಡೂ ಕೈ ತಲೆಯ ಮೇಲೆ ಜೋಡಿಸಿದಳು. ನಾನು ಓಡಿಹೋಗುವಷ್ಟರಲ್ಲಿ ತವಮಣಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು, ಬೆರಳ ಸಂದಿಯಿಂದ ಸೋಪಿನ ನೊರೆ ಸೋರುತ್ತಿತ್ತು. ಮಾಯಮ್ಮ ಎದ್ದು ಬಂದು ಆ ಕೈ ಬಿಡಿಸಿ, ಅವಳ ಬಾಯಿಯನ್ನು ಮುಟ್ಟಿ ಮುಟ್ಟಿ ನೋಡಿದಳು. ಏನು ಹೇಳಬೇಕೆಂದು ನಾನು ಯೋಚಿಸುವುದರೊಳಗೆ ಹಾಲಿನ ಕ್ಯಾನನ್ನೂ ಮರೆತು ಬೀದಿಗೆ ಓಡಿದಳು. ದೇವರು ಮಾತು ಕೊಟ್ಟ, ನನ್ನ ಜೀವ ಉಳಿಸಲು ಮೂಗಿಗೆ ಬಾಯಿ ಕೊಟ್ಟ ಎಂದು ಮನೆ ಮನೆ ಬಾಗಿಲು ಬಡಿದಳು.

ನಾನು ಹಿಂದೆಯೇ ಹೋಗಿ ಹಿಡಿಯಬೇಕಿತ್ತು ಎಂದು ಯಜಮಾನರು ಆಮೇಲೆ ಎಂದರು. ಹಿಡಿದು ಏನು ಹೇಳಲಿ? ಇವಳಿಗೆ ಮೊದಲಿನಿಂದ ಮಾತು ಬರುತ್ತದೆ, ಇವಳು ತಮಿಳರವಳು, ಅದರಲ್ಲೂ ಶ್ರೀಲಂಕಾದವಳು, ಡಾಕ್ಟರ ಚೀಟಿ ಸುಳ್ಳು, ನಾನು ಸುಳ್ಳಿ ಎಂದೇ? ಹಾಗೆ ಹೇಳಿದರೆ ಸೀಟೂ ಹೋಗುತ್ತಿತ್ತು, ಹುಡುಗಿಯೂ ಹೋಗುತ್ತಿದ್ದಳು. ಸುಮ್ಮನಿದ್ದರೆ ಪವಾಡ. ಸುಮ್ಮನಿದ್ದೆವು.

ಒಂಬತ್ತು ಗಂಟೆಗೆ ಮನೆ ತುಂಬ ಜನ. ಆರತಿ ತಂದವರು, ಹಣ್ಣು ತಂದವರು, ತಮ್ಮ ಮಕ್ಕಳ ತಲೆ ಮುಟ್ಟು ಎಂದು ಅವಳ ಮುಂದೆ ತಂದು ನಿಲ್ಲಿಸಿದವರು. ಸಂಜೆ ಟ್ರಾಕ್ಟರಿನಲ್ಲಿ ಕೂರಿಸಿ ಬೂಕನಕೆರೆಗೆ ಕರೆದುಕೊಂಡು ಹೋದರು, ಮಾಯಮ್ಮ ಮುಡಿಪು ಬಿಚ್ಚಿ ನಾಲಗೆ ಒಪ್ಪಿಸಿದಳು. ಏನಾದರೂ ಮಾತಾಡು ಎಂದು ಪೂಜಾರಿಯೇ ಕೇಳಿದ. ತವಮಣಿ ಎಲ್ಲರ ಮುಖ ನೋಡಿ, ನಾನು ಕಾಲೇಜಿಗೆ ಹೋಗಿ ಓದಬೇಕು ಎಂದಳು. ಗುಡಿಯೊಳಗೆ ಚಪ್ಪಾಳೆ ಬಿತ್ತು. ಅಷ್ಟು ಸ್ಪಷ್ಟವಾಗಿ ಹೇಳಿದಳು ನೋಡಿ ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಂಡರು. ಏನು ಹೇಳಿದಳು ಎನ್ನುವುದು ಯಾರಿಗೂ ಬೇಕಿರಲಿಲ್ಲ.

ಎರಡು ದಿನ ಬಿಟ್ಟು ತಿಮ್ಮರಾಜಣ್ಣ ಹೇಳಿಕಳಿಸಿದರು. ನಾನೂ ಅವಳೂ ಕೆ.ಆರ್. ಪೇಟೆಯಲ್ಲಿದ್ದ ಅವರ ಮನೆಗೆ ಹೋದೆವು. ಹಜಾರದಲ್ಲಿ ಕೂರಿಸಿ ಕಾಫಿ ಕೊಡಿಸಿದರು. ಅವರ ಹೆಂಡತಿ ಒಳಗಿನಿಂದ ಬಂದು ತವಮಣಿಗೆ ಕುಂಕುಮ ಇಟ್ಟು, ಬ್ಲೌಸ್ ಪೀಸು ಕೊಟ್ಟರು. ದೇವರು ದೊಡ್ಡವನು ಎಂದು ತಿಮ್ಮರಾಜಣ್ಣ ಮತ್ತೆ ಕಣ್ಣು ಒರೆಸಿಕೊಂಡರು. ಒರೆಸಿಕೊಂಡು, ಇನ್ನು ಆ ಸೀಟಿನ ಕಥೆ ನೋಡಿ ಟೀಚ್ರಮ್ನೋರೆ ಎಂದು ಶುರುಮಾಡಿದರು. ಅದು ಅಂಗವಿಕಲರದ್ದು. ಇವಳಿಗೆ ದೇವರೇ ಎಲ್ಲ ಸರಿಮಾಡಿದ್ದಾನೆ. ಊರಿಗೆ ಊರೇ ನೋಡಿದೆ. ಈಗ ಅದರಲ್ಲಿ ಇವಳನ್ನು ಕೂರಿಸಿದರೆ ನಾಳೆ ನಾಲ್ಕು ಜನ ನನ್ನನ್ನು ಕೇಳುತ್ತಾರೆ.

ಮಾತು ಬಂದರೆ ಬೆರಳು ಹೋಗಿಬಿಡುತ್ತದೆಯೇ ಎಂದು ನಾನು ಕೇಳಿದೆ. ಅಷ್ಟು ಹೊತ್ತು ತಡೆದುಕೊಂಡದ್ದೇ ಹೆಚ್ಚು. ಅವಳ ಹಾಗೆ ಟೈಪು ಮಾಡುವವರು ಈ ನಾಲ್ಕು ತಾಲ್ಲೂಕಿನಲ್ಲಿ ಇದ್ದರೆ ತೋರಿಸಿ, ಮೂಗಿ ಸೀಟು ಬೇಡ, ಬಾಯಿರುವವರ ಸೀಟೇ ಕೊಡಿ ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಕೊಡಬಹುದು, ಅದಕ್ಕೇನು ಎಂದರು. ಆದರೆ ಉಳಿದ ಸೀಟಿಗೆಲ್ಲ ಎಸ್ಸೆಸ್ಸೆಲ್ಸಿ ಆಗಿರಬೇಕು, ಈ ರಾಜ್ಯದಲ್ಲಿ ಇಷ್ಟು ವರ್ಷ ಓದಿದ್ದೇನೆ ಎಂದು ಸ್ಕೂಲಿನವರು ಬರೆದುಕೊಟ್ಟಿರಬೇಕು. ಆಮೇಲೆ ತವಮಣಿಯ ಕಡೆ ತಿರುಗಿ, ನಿಜವಾದ ಪ್ರೀತಿಯಿಂದಲೇ ಕೇಳಿದರು.

“ಒಸಿ ಏನಾರ ಓದಿದ್ದೀಯಾ ಮಗಾ? ಯಾವ ಸ್ಕೂಲು? ಯೋಳು, ನಾನೇ ಓಗಿ ಬರೆಸ್ಕೊಂಡ್ ಬತ್ತೀನಿ.”

ಅವಳ ತುಟಿ ಅಲ್ಲಾಡಿತು. ಜಾಫ್ನಾದ ಸ್ಕೂಲಿನ ಹೆಸರು, ಕ್ಯಾಂಪಿನ ಹತ್ತಿರದ ಸ್ಕೂಲಿನ ಹೆಸರು, ತಾನು ತೆಗೆದ ಮಾರ್ಕು, ಎಲ್ಲ ಅಲ್ಲೇ ಇತ್ತು, ನನಗೆ ಕಾಣುತ್ತಿತ್ತು. ನಾನು ಸೆರಗಿನ ಅಡಿಯಲ್ಲಿ ಅವಳ ಮೊಣಕೈ ಅದುಮಿದೆ. ಅವಳು ಬಾಯಿ ಮುಚ್ಚಿ ತಲೆ ತಗ್ಗಿಸಿದಳು. ಪಾಪ, ಇನ್ನೂ ನಾಲಗೆ ಸರಿಯಾಗಿ ತಿರುಗುತ್ತಿಲ್ಲ, ನಿಧಾನಕ್ಕೆ ಬರುತ್ತೆ ಎಂದು ತಿಮ್ಮರಾಜಣ್ಣ ನನ್ನನ್ನೇ ಸಮಾಧಾನ ಮಾಡಿದರು. ಮಾತು ಬಂದ ಹುಡುಗಿಗೆ ಗಂಡು ಸಿಗುವುದು ಕಷ್ಟವಲ್ಲ, ಮದುವೆಗೆ ನನ್ನ ಕಡೆಯಿಂದ ಅಕ್ಕಿ ಕಳಿಸುತ್ತೇನೆ ಎಂದೂ ಹೇಳಿದರು.

ಹೊರಡುವಾಗ ಹಜಾರದ ಆಚೆ ತುದಿಯಲ್ಲಿ ಒಂದು ಹುಡುಗಿ ಕೂತಿತ್ತು. ಅವರ ಷಡ್ಡಕನ ಮಗಳಂತೆ, ಕಿವಿ ಕೇಳಿಸುವುದಿಲ್ಲವಂತೆ, ಸೀಟು ಈಗ ಅದಕ್ಕಂತೆ. ಬೀದಿಯಲ್ಲಿ ಬಳೆಯವನು ಕೂಗಿದ. ಆ ಕಿವುಡಿ ಥಟ್ಟನೆ ಎದ್ದು ಕಿಟಕಿಗೆ ಹೋಗಿ, ನಿಂತ್ಕಳಯ್ಯಾ ಬಂದೆ ಎಂದು ಕೂಗಿತು. ಯಾರಿಗೂ ನಾಚಿಕೆಯಾಗಲಿಲ್ಲ. ತಿಮ್ಮರಾಜಣ್ಣನ ಹೆಂಡತಿ ಮಾತ್ರ ನನ್ನ ಮುಖ ನೋಡದೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ನನಗೆ ಆ ಲೋಟ ಕಿತ್ತುಕೊಂಡು ಅವರ ಬೆಳ್ಳಿ ದೀಪಕ್ಕೆ ಬೀಸಬೇಕು ಎನ್ನಿಸಿತು. ಬೀಸಲಿಲ್ಲ. ಹೆಚ್ಚು ಮಾತಾಡಿದರೆ ಯಾವೂರಿನವಳು, ಯಾರ ಮಗಳು ಎಂದು ಕೆದಕಲು ಶುರುಮಾಡುತ್ತಾರೆ ಎಂಬ ಭಯ. ಕಳ್ಳರು ಕಾಫಿ ಕೊಟ್ಟು ಕಳಿಸಿದರು, ನಾವು ಕೈ ಮುಗಿದು ಬಂದೆವು.

ಅವತ್ತು ಸಂಜೆ ಮಾಯಮ್ಮ ಬಂದಳು. ಕೈಯಲ್ಲಿ ಗಿಣ್ಣಿನ ಪಾತ್ರೆ. ಕಾಲೇಜಿಗೆ ಯಾವಾಗ ಹೊರಡುವುದು, ಹಾಸ್ಟೆಲ್ಲಿಗೆ ಒಂದು ಸೇರು ತುಪ್ಪ ಕಾಯಿಸಿ ಇಟ್ಟಿದ್ದೇನೆ ಎಂದು ಬಾಗಿಲಿನಿಂದಲೇ ಶುರುಮಾಡಿದಳು. ಸೀಟು ಹೋಯಿತು ಎಂದೆ. ಯಾಕೆ ಎಂದಳು. ನಿನ್ನ ದೇವರು ಕೊಟ್ಟ ಮಾತಿನಿಂದ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಮಾತು ಬಂದದ್ದಕ್ಕೆ ಯಾರಾದರೂ ಸೀಟು ಕಿತ್ತುಕೊಳ್ಳುತ್ತಾರೆಯೇ ಎಂದು ಅವಳು ನಕ್ಕಳು. ನಾನು ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ತವಮಣಿ ಎದ್ದು ಬಂದು ಮಾಯಮ್ಮನ ಎದುರಿಗೆ ಕೂತಳು.

“ಅವ್ವಾ, ನಾನು ಯಾವತ್ತೂ ಮೂಗಿಯಾಗಿರಲಿಲ್ಲ. ಮೊದಲಿಂದ್ಲೂ ಮಾತು ಬತ್ತಿತ್ತು. ನಾನು ತಮಿಳ್ರೋಳು, ಶ್ರೀಲಂಕಾದಿಂದ ಬಂದೋಳು. ಎದರಿಕೆಗೆ ಬಾಯಿ ಮುಚ್ಕೊಂಡಿದ್ದೆ.”

ಮಾಯಮ್ಮನದೇ ಮಾತು, ಮಾಯಮ್ಮನದೇ ಧಾಟಿ, ಒಂದಕ್ಷರ ತಪ್ಪಿಲ್ಲ. ಇಷ್ಟು ದಿನ ಮುಚ್ಚಿಟ್ಟದ್ದು ಹೊರಗೆ ಬಿತ್ತು, ಇನ್ನು ಈ ಹೆಂಗಸು ಬೀದಿಗೆ ಓಡುತ್ತಾಳೆ ಎಂದುಕೊಂಡೆ. ಮಾಯಮ್ಮ ಓಡಲಿಲ್ಲ. ಹುಡುಗಿಯ ಮುಖವನ್ನೇ ನೋಡುತ್ತ ಕೂತಳು. ಆಮೇಲೆ ಅವಳ ಕಣ್ಣಲ್ಲಿ ಹೆದರಿಕೆ ಬಂತು, ಹುಡುಗಿಯ ಮೇಲಿನ ಹೆದರಿಕೆಯಲ್ಲ, ದೇವರ ಮೇಲಿನದು. ಬೇಗ ಬೇಗ ಕೈ ಚಾಚಿ ತವಮಣಿಯ ಬಾಯಿ ಮುಚ್ಚಿದಳು.

“ಅಂಗನ್ಬೇಡ ಕಣವ್ವಾ. ಕೊಟ್ಟಿರೋ ದೇವ್ರು ಕಿತ್ಕೊಂಬುಟ್ಟಾನು. ಎಂಗೆ ಸುಳ್ಳಾದದು? ನನ್ ಕಣ್ಣಾರೆ ಕಂಡೀವ್ನಿ, ಇಷ್ಟು ಚೆಂದಾಗಿ ಕನ್ನಡ ಆಡ್ತಿದ್ದೀಯ, ತಮಿಳ್ರೋಳಂತೆ! ಸೀಟು ಓದ್ರೆ ಓಗ್ಲಿ ಬುಡು. ಮಾತು ಬಂತಲ್ಲ, ಅದೇ ಸಾಕು.”

ತವಮಣಿ ಆ ಕೈ ಸರಿಸಲಿಲ್ಲ. ಇನ್ನೂ ಹೇಳುತ್ತಾಳೆ, ಕಿರುಚುತ್ತಾಳೆ ಎಂದು ನಾನು ಕಾದೆ, ನಾನಾಗಿದ್ದರೆ ಕಿರುಚುತ್ತಿದ್ದೆ. ಅವಳ ಕಣ್ಣು ಮಾತ್ರ ತುಂಬಿ ಮಾಯಮ್ಮನ ಬೆರಳ ಮೇಲೆ ಸುರಿಯಿತು. ಅದನ್ನು ಕಂಡು ಮಾಯಮ್ಮನೂ ಅತ್ತಳು. ಹೆಣ್ಣು ಮಗು ಇಲ್ಲದ ಮನೆ ನಂದು, ಇನ್ನೊಂದು ಸಲ ಅವ್ವ ಅನ್ನು ಎಂದು ಗೋಗರೆದಳು.

ತವಮಣಿ ಅವ್ವಾ ಅಂದಳು. ಇನ್ನೊಂದು ಸಲ ಎಂದಳು ಮಾಯಮ್ಮ. ಮತ್ತೆ ಅಂದಳು. ಕೇಳಿದಷ್ಟು ಸಲವೂ ಅಂದಳು. ಸೋಮವಾರ ನಾಗಮಂಗಲದಲ್ಲಿ ಕಾಲೇಜು ಶುರುವಾಯಿತು. ಓದೂ ಇಲ್ಲ, ಪವಾಡ ನೋಡಲು ಬರುವವರ ಮುಂದೆ ಇನ್ನು ಬಚ್ಚಿಡುವ ಹಾಗೂ ಇಲ್ಲ, ಅದೇ ಬೆಳಿಗ್ಗೆ ನಾನು ಅವಳನ್ನು ಕ್ಯಾಂಪಿಗೆ ವಾಪಸು ಕಳಿಸಿದೆ.